ಗಡಿಯಾರ ನೋಡಿ ಕೊಳ ತೊಳೆಯುವವರು

ಹೊಸ ಪಂಪು ಬಂದ ಮೇಲೆ ನಮ್ಮ ಹಿತ್ತಲಿನಲ್ಲಿ ಹಕ್ಕಿಗಳ ದನಿ ಕೇಳಿಸುತ್ತಿದೆ. ಹಳೆಯದು ನಿಮಿಷಕ್ಕೆ 3450 ಸುತ್ತು ತಿರುಗುತ್ತ ಕಿರುಚುತ್ತಿತ್ತು. ಇದನ್ನು ಅದರ ಅರ್ಧ ವೇಗಕ್ಕೆ ಇಳಿಸಿಟ್ಟಿದ್ದೇನೆ. ಪಕ್ಕದಲ್ಲೇ ನಿಂತರೂ ಓಡುತ್ತಿದೆಯೋ ಇಲ್ಲವೋ ಎಂದು ಕೈಯಿಟ್ಟು ನೋಡಬೇಕು. ಫೀನಿಕ್ಸಿನ ಬೇಸಿಗೆಯಲ್ಲಿ ಈಜುಕೊಳವೊಂದನ್ನು ತಿಳಿಯಾಗಿಟ್ಟುಕೊಳ್ಳುವುದರಷ್ಟು ಸುಖದ ಕೆಲಸ ನನಗೆ ಬೇರೆ ಇಲ್ಲ.

ಈ ಸುಖಕ್ಕೆ ಯುಗಾದಿ ಊಟದ ದಿನ ಕಲ್ಲು ಬಿತ್ತು. ದಾವಣಗೆರೆ ಕಡೆಯ ಸ್ನೇಹಿತರೊಬ್ಬರು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತ, "ಅಷ್ಟೆಲ್ಲ ಯಾಕೆ ತಲೆ ಕೆಡಿಸ್ಕೋತೀರಿ ಸಾರ್? ಹತ್ತು ಡಿಗ್ರಿ ಫ್ಯಾರನ್‌ಹೀಟಿಗೆ ಒಂದು ಗಂಟೆ. ನೂರಹತ್ತು ಡಿಗ್ರಿ ಬಿಸಿಲಿದ್ರೆ ಹನ್ನೊಂದು ಗಂಟೆ ಫಿಲ್ಟರ್ ಓಡಿಸಿ, ಮುಗೀತು" ಎಂದರು. ಸುತ್ತಲಿದ್ದವರೆಲ್ಲ ತಲೆಯಾಡಿಸಿದರು. ಈ ಸೂತ್ರ ಇಲ್ಲಿ ಮನೆಮನೆಯಲ್ಲೂ ವೇದವಾಕ್ಯ.

ಬಿಸಿಲು ಏರಿದರೆ ಪಾಚಿ ಬೇಗ ಬೆಳೆಯುತ್ತದೆ, ನಿಜ. ಆದರೆ ಪಾಚಿಯನ್ನು ಕೊಲ್ಲುವುದು ಕ್ಲೋರಿನ್, ಫಿಲ್ಟರ್ ಅಲ್ಲ. ಸಯನ್ಯೂರಿಕ್ ಆಮ್ಲದ ಮರೆಯಿಲ್ಲದೆ ಹೋದರೆ ನೇರ ಬಿಸಿಲಿಗೆ ಬಿದ್ದ ಕ್ಲೋರಿನ್ನಿನ ಬಹುಪಾಲು ಎರಡೇ ಗಂಟೆಯಲ್ಲಿ ಹಾಳಾಗುತ್ತದೆ. ಕ್ಲೋರಿನ್ ಸತ್ತ ನೀರನ್ನು ಹನ್ನೊಂದು ಗಂಟೆಯಲ್ಲ, ಇಡೀ ದಿನ ತಿರುಗಿಸಿದರೂ ಅದು ಹಸಿರಾಗಿಯೇ ತಿರುಗುತ್ತದೆ. ಪರೀಕ್ಷೆಯ ಕಿಟ್ಟು ಮುಟ್ಟದವರು ಟೈಮರಿನ ಮುಳ್ಳನ್ನಷ್ಟೇ ತಿರುಗಿಸುತ್ತ ಕೂರುತ್ತಾರೆ.

ಇನ್ನು ಕೆಲವರದು ಮತ್ತೊಂದು ಹಟ: ಕೊಳದಲ್ಲಿರುವಷ್ಟು ನೀರು ಒಂದು ಸಲ ಫಿಲ್ಟರಿನೊಳಗೆ ಹಾದರೆ ಕೊಳವೆಲ್ಲ ಶುದ್ಧ ಎಂಬುದು. ಅದು ಹೇಗಾದೀತು? ಸೋಸಿದ ನೀರು ಮರಳಿ ಅದೇ ಕೊಳಕ್ಕೆ ಬಿದ್ದು, ಸೋಸದ ನೀರಿನ ಜೊತೆ ಬೆರೆಯುತ್ತದೆ. ಹಾಗೆ ಬೆರೆಯುತ್ತಲೇ ಒಂದು ಸುತ್ತು ಮುಗಿಯುವಾಗ ನಿಜಕ್ಕೂ ಫಿಲ್ಟರ್ ಕಂಡದ್ದು ನೂರಕ್ಕೆ ಸುಮಾರು 63 ಪಾಲು ನೀರು ಮಾತ್ರ. ಎರಡು ಸುತ್ತಿಗೆ 86, ಮೂರಕ್ಕೆ 95. ನೂರು ಎಂಬುದು ಯಾವತ್ತೂ ಬರುವುದಿಲ್ಲ. ಬರಬೇಕಾಗಿಯೂ ಇಲ್ಲ.

ನಾನು ವೇಗ ತಗ್ಗಿಸಿ ಹೊತ್ತು ಹೆಚ್ಚಿಸುತ್ತೇನೆ. ಪಂಪಿನ ವೇಗ ಅರ್ಧವಾದರೆ ಹರಿಯುವ ನೀರೂ ಅರ್ಧವಾಗುತ್ತದೆ, ಆದರೆ ಅದು ಎಳೆಯುವ ವಿದ್ಯುತ್ ಸುಮಾರು ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಅಷ್ಟೇ ನೀರು ಹಾಯಿಸಲು ಎರಡರಷ್ಟು ಹೊತ್ತು ಓಡಿಸಿದರೂ ಖರ್ಚು ಕಾಲು ಭಾಗ. ಹೀಗಿರುವಾಗ "ದಿನಕ್ಕೆ ಎಷ್ಟು ಗಂಟೆ?" ಎಂದು ಕೇಳುವವರಿಗೆ "ಯಾವ ವೇಗದಲ್ಲಿ?" ಎಂದು ತಿರುಗಿ ಕೇಳದೆ ಏನು ಹೇಳಲಿ?

ಗಂಟೆಯ ಜಗಳವನ್ನಾದರೂ ಸಹಿಸಿಕೊಂಡೇನು, ವಾರವಾರ ಫಿಲ್ಟರಿನಲ್ಲಿ ನೀರನ್ನು ಹಿಮ್ಮುಖ ಹರಿಸಿ ಬ್ಯಾಕ್‌ವಾಷ್ ಮಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮರಳಿನ ಫಿಲ್ಟರ್ ಆಗತಾನೇ ತೊಳೆದಾಗ ಚೆನ್ನಾಗಿ ಸೋಸುವುದಿಲ್ಲ. ಸಿಕ್ಕಿಕೊಂಡ ಕೊಳೆಯೇ ಮರಳಿನ ಸಂದುಗಳನ್ನು ಕಿರಿದಾಗಿಸಿ, ಇನ್ನೂ ನುಣ್ಣನೆಯ ದೂಳನ್ನು ಹಿಡಿಯುತ್ತದೆ. ಹೆಪ್ಪಿಗೆ ಬಿಟ್ಟ ಹಾಲನ್ನು ಗಳಿಗೆಗೊಮ್ಮೆ ಕದಡಿದರೆ ಮೊಸರಾದೀತೆ? ಗೇಜಿನ ಒತ್ತಡ ತೊಳೆದ ದಿನಕ್ಕಿಂತ ಎಂಟು ಹತ್ತು ಪಿಎಸ್‌ಐ ಏರುವ ತನಕ ಆ ಮರಳಿನ ಗೊಡವೆಗೆ ಹೋಗಬಾರದು. ಗೇಜು ಕಣ್ಣೆದುರಿಗೇ ಇದೆ. ನೋಡಲು ಏನು ಕಷ್ಟ? ಪ್ರತಿ ಬ್ಯಾಕ್‌ವಾಷಿಗೂ ನೂರಾರು ಲೀಟರು ನೀರು ಮಣ್ಣುಪಾಲು. ಈ ಊರಿನ ನೀರಿನ ಒಂದು ದೊಡ್ಡ ಪಾಲು ಕೊಲರಾಡೋ ನದಿಯದು. ಲೇಕ್ ಹವಾಸುವಿನಿಂದ ಮೇಲೆತ್ತಿ, ಮರುಭೂಮಿಯನ್ನು ಸೀಳಿಕೊಂಡು ಹೋಗುವ 540 ಕಿ.ಮೀ. ಉದ್ದದ ಕಾಲುವೆಯಲ್ಲಿ ಅದನ್ನು ತರುತ್ತಾರೆ. 2021ರ ಆಗಸ್ಟಿನಲ್ಲಿ ಆ ನದಿಗೆ ಮೊತ್ತಮೊದಲ ಬಾರಿ ಅಧಿಕೃತವಾಗಿ ನೀರಿನ ಕೊರತೆ ಘೋಷಿಸಿ ಅರಿಜೋನಾದ ಪಾಲನ್ನು ಕಡಿತ ಮಾಡಿದರು. ಅಂಥ ನೀರನ್ನು ಶನಿವಾರ ಬಂತೆಂಬ ಒಂದೇ ಕಾರಣಕ್ಕೆ ಚೆಲ್ಲುವುದು ನನ್ನ ಪಾಲಿಗೆ ಅಪರಾಧ.

ನಿಧಾನದ ಪಂಪಿಗೊಂದು ಕೊರತೆಯೂ ಉಂಟು. ತೇಲುವ ಕಸ ಎಳೆದುಕೊಳ್ಳುವ ಸ್ಕಿಮ್ಮರಿನ ಬಾಯಿಗೆ ಸೆಳೆತ ಸಾಲದು. ಅದು ಗೊತ್ತಾಗುವುದು ಏಪ್ರಿಲಿನಲ್ಲಿ, ಪಾಲೋ ವರ್ಡೆ ಮರ ಹೂ ಬಿಟ್ಟಾಗ. ಈ ರಾಜ್ಯದ ಅಧಿಕೃತ ಮರ ಅದು. ಕಾಂಡವೇ ಹಸಿರು; ಬರ ಬಂದು ಎಲೆಗಳನ್ನೆಲ್ಲ ಉದುರಿಸಿಕೊಂಡರೂ ತೊಗಟೆಯಿಂದಲೇ ಅನ್ನ ಬೇಯಿಸಿಕೊಳ್ಳುತ್ತದೆ. ಹೂ ಬಿಟ್ಟಿತೆಂದರೆ ಒಂದೆರಡು ವಾರ ಕೊಂಬೆಯೇ ಕಾಣದಷ್ಟು ಹಳದಿ. ಜೇನ್ನೊಣಗಳ ಗುಂಯ್‌ಗಾಟ ಹಿತ್ತಲೆಲ್ಲ ತುಂಬುತ್ತದೆ. ಆಮೇಲೆ ಅಷ್ಟೂ ಹೂ ನೀರಿನ ಮೇಲೆ.

ನಮ್ಮ ಬೀದಿಯಲ್ಲಿ ಒಬ್ಬರು ಕೊಳ ಗಲೀಜಾಗುತ್ತದೆಂದು ಇಂಥದೊಂದು ದೊಡ್ಡ ಮರವನ್ನೇ ಕಡಿಸಿದರು. ಈಗ ಅವರ ಕೊಳಕ್ಕೆ ಮಧ್ಯಾಹ್ನದ ನೆರಳಿಲ್ಲ, ಕ್ಲೋರಿನ್ ಮೊದಲಿಗಿಂತ ಬೇಗ ಸಾಯುತ್ತಿದೆ, ಪಂಪು ಹನ್ನೊಂದು ಗಂಟೆ ಕಿರುಚುತ್ತಿದೆ. ಬೆಳಗಿನ ಹೊತ್ತು ಒಂದೆರಡು ಗಂಟೆ ವೇಗ ಏರಿಸಿ, ತೇಲುವ ಹೂವೆಲ್ಲ ಸ್ಕಿಮ್ಮರಿನ ಬುಟ್ಟಿಗೆ ಬೀಳುವಂತೆ ಮಾಡಿದ್ದರೆ ಸಾಕಿತ್ತು. ನಾನು ಮಾಡುವುದು ಅಷ್ಟೇ. ಹೂವಿನ ಕಾಲದಲ್ಲಿ ಬುಟ್ಟಿಯನ್ನು ದಿನಕ್ಕೆರಡು ಸಲ ಖಾಲಿ ಮಾಡಿ, ಅದನ್ನೆಲ್ಲ ನಿಂಬೆ ಗಿಡದ ಬುಡಕ್ಕೆ ಸುರಿಯುತ್ತೇನೆ.