ಸಾಲದ ಜಡ್ಜ್‌ಸಾಹೇಬರು

ಹಿಂಜವಾಡಿಯಲ್ಲಿ ಬೆಳಿಗ್ಗೆ ಐಟಿ ಪಾರ್ಕಿನ ರಸ್ತೆ ಗಿಜಿಗುಡುತ್ತದೆ. ಹನ್ನೊಂದರ ಮೇಲೆ ನಮ್ಮ ಸೊಸೈಟಿಯಲ್ಲಿ ಉಳಿಯುವವರು ವಾಚ್‌ಮನ್ನು, ಕೂಸುಗಳು, ನಮ್ಮಂಥ ಮುದುಕರು. ಮರಾಠಿ ಚೆನ್ನಾಗಿ ಬರಲಿ ಅಂತ ರಮಾಬಾಯಿ ರಾನಡೆಯವರ 1910ರ ನೆನಪುಗಳ ಪುಸ್ತಕ ಹಿಡಿದೆ. ಅವರ ಯಜಮಾನರು ಮಹಾದೇವ ಗೋವಿಂದ ರಾನಡೆ ಸಮಾಜ ಸುಧಾರಕರು ಅಂತ ಶಾಲೆಯಲ್ಲೇ ಓದಿದ್ದೆವು. ಆದರೆ ಅವರ ನೌಕರಿ ನ್ಯಾಯಾಧೀಶಗಿರಿ, ಅದೂ ಬಹಳ ವರ್ಷ ಕೆಳಗಿನ ಕೋರ್ಟುಗಳಲ್ಲಿ.

1871ರಲ್ಲಿ ಪುಣೆಗೆ ಸಬ್‌ಜಡ್ಜ್ ಆಗಿ ಬಂದರು. ಸಾರ್ವಜನಿಕ ಸಭೆಯ ಕೆಲಸ ಮೈಮೇಲೆ ಹಾಕಿಕೊಂಡಿದ್ದಕ್ಕೆ ಸರಕಾರಕ್ಕೆ ಗುಮಾನಿ. ನಾಸಿಕಕ್ಕೆ, ಅಲ್ಲಿಂದ 1879ರಲ್ಲಿ ಧುಳೆಗೆ ವರ್ಗ. ಅಲ್ಲಿ ಅವರ ಟಪಾಲನ್ನೂ ಒಡೆದು ನೋಡುತ್ತಿದ್ದರಂತೆ. ವರ್ಗಾವಣೆಯ ರುಚಿ ಬ್ಯಾಂಕಿನವರಿಗೆ ಹೇಳಿಕೊಡಬೇಕಾಗಿಲ್ಲ ಬಿಡಿ.

ನಾನು ಗದಗ ಸೀಮೆಯ ಶಾಖೆಯೊಂದರಲ್ಲಿದ್ದಾಗ ವಸೂಲಿ ದಾವೆಗಳಲ್ಲಿ ಬ್ಯಾಂಕಿನ ಪರ ಸಾಕ್ಷಿ ಹೇಳಲು ಹೋಗುತ್ತಿದ್ದೆ. ಒಮ್ಮೆ ಕೋರ್ಟಿನ ಹೊರಗೆ ವಯಸ್ಸಾದ ರೈತನೊಬ್ಬ, "ಸಾಹೇಬ್ರ, ಸಹಿ ನಂದ ಅದ. ಯಾಕ ಮಾಡಿದಿ ಅಂತ ಒಬ್ರೂ ಕೇಳಲಿಲ್ಲಲ್ರೀ" ಅಂದ. ಏನು ಹೇಳಲಿ? ನಮ್ಮ ಫೈಲಿನಲ್ಲಿ ಆ ಕಾಲಂ ಇರಲಿಲ್ಲ.

ಆ ಪ್ರಶ್ನೆಯನ್ನು ಕೇಳಲೇಬೇಕು ಅಂತ ಒಂದು ಕಾಯ್ದೆ ಇತ್ತು ಅನ್ನೋದು ನನಗೆ ತಿಳಿದದ್ದು ಇಲ್ಲಿ ಕೂತು ಓದಿದಾಗ. 1875ರಲ್ಲಿ ಪುಣೆ ಜಿಲ್ಲೆಯ ಸುಪೆಯಲ್ಲಿ ರೈತರು ಸಾಹುಕಾರರ ಮೇಲೆ ತಿರುಗಿಬಿದ್ದರು. ದಂಗೆ ಹಬ್ಬಿದಲ್ಲೆಲ್ಲ ಸಾಲಪತ್ರ ಕಸಿದು ಸುಟ್ಟರು. 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯ್ದೆ ಬಂತು. ಪುಣೆ, ಸಾತಾರಾ, ಅಹಮದ್‌ನಗರ, ಸೊಲ್ಲಾಪುರ ಜಿಲ್ಲೆಗಳಿಗೆ. ಬಾಂಡಿನಲ್ಲಿ ಬರೆದಷ್ಟಕ್ಕೇ ಡಿಕ್ರಿ ಕೊಡುವಂತಿಲ್ಲ; ಮೂಲ ಸಾಲ ಎಷ್ಟು, ಬಡ್ಡಿ ಹೇಗೆ ಬೆಳೆಯಿತು ಎಂದು ನ್ಯಾಯಾಧೀಶರು ಲೆಕ್ಕ ಬಿಚ್ಚಬೇಕು. ಕಂತು ಕಟ್ಟಿಕೊಡಬಹುದು. ಸಾಲದ ಡಿಕ್ರಿಗೆ ರೈತನನ್ನು ಜೈಲಿಗೆ ಹಾಕುವಂತಿಲ್ಲ. ಈ ಕಾಯ್ದೆಯ ಕೋರ್ಟುಗಳ ಮೇಲ್ವಿಚಾರಣೆಗೆ ರಾನಡೆ ವರ್ಷಗಟ್ಟಲೆ ತಾಲೂಕು ತಾಲೂಕು ತಿರುಗಿದರು, 1893ರಲ್ಲಿ ಮುಂಬಯಿ ಹೈಕೋರ್ಟಿಗೆ ಹೋಗುವ ತನಕ.

ಕಾಯ್ದೆಯಿಂದ ಎಲ್ಲಾ ಸರಿಹೋಯಿತು ಅನ್ನಲಾರೆ. ಸಾಹುಕಾರರು ಜಾಣರು, ಸಾಲಪತ್ರ ಬಿಟ್ಟು ಹೊಲವನ್ನೇ ಖರೀದಿಪತ್ರ ಬರೆಸಿಕೊಳ್ಳತೊಡಗಿದರು. ರೈತನಿಗೆ ಕೋರ್ಟಿಗಿಂತ ಮೊದಲು ಕಡಿಮೆ ಬಡ್ಡಿಯ ದುಡ್ಡು ಬೇಕು. ಪುಣೆಯಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ವೆಡರ್‌ಬರ್ನ್ ಕೃಷಿ ಬ್ಯಾಂಕಿನ ಯೋಜನೆ ಹಾಕಿದರು, ರಾನಡೆಯೂ ಅದರ ಪರ. ಲಂಡನ್ನಿನವರು ಒಪ್ಪಲಿಲ್ಲ. ಜಡ್ಜುಗಳು ಬ್ಯಾಂಕ್ ಕೇಳಿದರು, ನೋಡಿ!

ರಾನಡೆ 1901ರ ಜನವರಿ 16ರಂದು ತೀರಿಕೊಂಡರು. ನಾಲ್ಕೇ ವರ್ಷಕ್ಕೆ, 1905ರಲ್ಲಿ, ನಮ್ಮ ಗದಗ ಪಕ್ಕದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಆ ಊರಿನ ಮೇಲೆ ಬಸ್ಸಿನಲ್ಲಿ ಎಷ್ಟು ಸಲ ಹೋಗಿದ್ದೇನೋ. ಈ ಸಲ ಊರಿಗೆ ಹೋದಾಗ ಇಳಿಯಬೇಕೆಂದಿದ್ದೇನೆ. ನಮ್ಮಾಕೆ, "ಮೊದಲ ರಿಸರ್ವೇಶನ್ ಮಾಡಸ್ರೀ" ಅಂತಾಳೆ.