ಜನತಾ ವಾಚಿನ ಮುಖಕ್ಕೆ ಬೆಳಕಿಂಡಿಯ ಬೆಳಕು

ಕೊಪ್ಪಳ ಜಿಲ್ಲೆಯ ಹುಲಿಹೈದರದಂಥ ಊರಿನಲ್ಲಿ ಹಳೆಯ ಮನೆಯೊಂದರ ಟ್ರಂಕು ತೆರೆಸಿ ನೋಡಿ. ಜಮೀನಿನ ಕಾಗದ, ಮದುವೆಯ ಸೀರೆ, ಅವುಗಳ ಕೆಳಗೆಲ್ಲೋ ಒಂದು ಎಚ್‌ಎಂಟಿ ವಾಚು ಇರುವ ಸಂಭವ ಬಹಳ. ಅಳಿಯನಿಗೆ ವಾಚು, ಸೈಕಲ್ಲು, ರೇಡಿಯೊ ಕೊಟ್ಟು ಮದುವೆ ಮಾಡುತ್ತಿದ್ದ ಕಾಲದ್ದು. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿಯ ಗಡಿಯಾರ ಕಾರ್ಖಾನೆ ಶುರುವಾಯಿತು; ಆಮೇಲೆ ತುಮಕೂರಿನಲ್ಲೂ ಒಂದು ಬಂತು. ಜನತಾ, ಪೈಲಟ್, ಸೋನಾ, ಕೋಹಿನೂರ್, ಕಾಂಚನ್ ಎಂಬ ಹೆಸರುಗಳು ಹಳ್ಳಿಹಳ್ಳಿಗೂ ಗೊತ್ತಿದ್ದವು. 2016ರಲ್ಲಿ ಕೇಂದ್ರ ಸಚಿವ ಸಂಪುಟ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಆ ಕಾಲದ ವಾಚುಗಳು ಈಗ ಹೀಗೆ ಟ್ರಂಕುಗಳಲ್ಲಿ ಉಳಿದಿವೆ.

ಈ ವಾಚುಗಳನ್ನು ಹತ್ತಿರದಿಂದ ಫೋಟೊ ತೆಗೆದಿಡಬೇಕು ಎನ್ನುವವನು ನಾನು. ಅಂಕಿಗಳ ಅಂಚು, ಮುಳ್ಳಿನ ಮೇಲಿನ ತುಕ್ಕು, ಡೈಲಿನ ಮೇಲೆ ಕಾಲ ಬಿಟ್ಟ ಕಂದು ಕಲೆ ಎಲ್ಲ ಕಾಣುವ ಹಾಗೆ. ಆಸೆ ಹೇಳಿದೊಡನೆ ಎಲ್ಲರೂ ಕೇಳುವುದು, ಅದಕ್ಕೆ ಎಂಥ ಕ್ಯಾಮೆರಾ ಬೇಕು, ಹತ್ತಿರದ ಚಿತ್ರಕ್ಕೆಂದೇ ಇರುವ ಮ್ಯಾಕ್ರೊ ಲೆನ್ಸಿಗೆ ಎಷ್ಟು ಸುರಿಯಬೇಕು ಅಂತ. ಸುರಿಯಬೇಕಾಗಿಲ್ಲ. ಲೆಕ್ಕ ಹಾಕಿ ನೋಡೋಣ.

ಜನತಾ ವಾಚಿನ ಅಗಲ ಸುಮಾರು 35 ಮಿಲಿಮೀಟರ್. ಸಾಧಾರಣ ಡಿಎಸ್‌ಎಲ್‌ಆರ್ ಕ್ಯಾಮೆರಾದ ಸೆನ್ಸರ್ ಸುಮಾರು 22 ಮಿಲಿಮೀಟರ್ ಉದ್ದ, 15 ಮಿಲಿಮೀಟರ್ ಎತ್ತರ. ಕ್ಯಾಮೆರಾದ ಜೊತೆಗೇ ಬರುವ 18-55 ಲೆನ್ಸುಗಳಲ್ಲಿ ಹಲವು, ಎಷ್ಟು ಹತ್ತಿರ ಹೋಗಬಹುದೋ ಅಷ್ಟು ಹೋದಾಗ, ವಸ್ತುವಿನ ಮೂರನೇ ಒಂದು ಭಾಗದಷ್ಟು ಬಿಂಬವನ್ನು ಸೆನ್ಸರಿನ ಮೇಲೆ ಮೂಡಿಸುತ್ತವೆ. ಅಂದರೆ ವಾಚಿನ ಬಿಂಬ ಹೆಚ್ಚುಕಡಿಮೆ 12 ಮಿಲಿಮೀಟರ್. ಚೌಕಟ್ಟು ಆಗಲೇ ತುಂಬಿತು! ಇರುವೆಯ ಕಣ್ಣು ತೆಗೆಯುವವರಿಗೆ ಬೇಕಾದ ಸಾಮಾನು ಬೇರೆ, ವಾಚು ತೆಗೆಯುವವರಿಗೆ ಬೇಕಾದ್ದು ಬೇರೆ. ಇಡೀ ಮುಖದ ಚಿತ್ರಕ್ಕೆ ಮನೆಯಲ್ಲಿರುವ ಲೆನ್ಸೇ ಸಾಕು.

ಇನ್ನೂ ಒಳಗೆ ಹೋಗಬೇಕೆಂದರೆ, ಹನ್ನೆರಡರ ಕೆಳಗಿನ ಎಚ್‌ಎಂಟಿ ಅಕ್ಷರಗಳೋ ಒಳಗಿನ ಯಂತ್ರದ ಕೆಂಪು ಕಲ್ಲುಗಳೋ ಬೇಕೆಂದರೆ, ಎಕ್ಸ್‌ಟೆನ್ಶನ್ ಟ್ಯೂಬ್ ಕೊಳ್ಳಿ. ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಕೂರುವ ಬರೀ ಬಳೆ ಅದು, ಒಳಗೆ ಗಾಜೇ ಇಲ್ಲ. ಟ್ಯೂಬಿನ ಉದ್ದವನ್ನು ಲೆನ್ಸಿನ ಫೋಕಲ್ ಲೆಂತ್‌ನಿಂದ ಭಾಗಿಸಿದರೆ ಎಷ್ಟು ದೊಡ್ಡದು ಕಾಣುತ್ತದೆ ಎಂಬುದು ಗೊತ್ತಾಗುತ್ತದೆ. 50 ಎಂಎಂ ಲೆನ್ಸಿಗೆ 25 ಎಂಎಂ ಟ್ಯೂಬ್ ಹಾಕಿದರೆ ಬಿಂಬ ಅರ್ಧ ಗಾತ್ರದ್ದು, 50 ಹಾಕಿದರೆ ವಸ್ತುವಿನಷ್ಟೇ ಗಾತ್ರದ್ದು. ಕೆಂಕೊದಂಥ ಕಂಪನಿಯ ಸೆಟ್ಟಿನಲ್ಲಿ 12, 20, 36 ಎಂಎಂ ಮೂರು ಬಳೆಗಳಿರುತ್ತವೆ. ವಿದ್ಯುತ್ ಸಂಪರ್ಕದ ಪಿನ್ನುಗಳಿರುವ ಟ್ಯೂಬನ್ನೇ ಆರಿಸಿ. ಪಿನ್ನಿಲ್ಲದ್ದು ಅಗ್ಗ, ಆದರೆ ಈಗಿನ ಲೆನ್ಸುಗಳ ಅಪರ್ಚರ್, ಅಂದರೆ ಬೆಳಕು ಒಳಬಿಡುವ ಕಂಡಿ, ಕೈಗೆ ಸಿಗುವುದಿಲ್ಲ. ಅಪರ್ಚರ್ ರಿಂಗ್ ಇರುವ ಹಳೆಯ ಲೆನ್ಸು ಮನೆಯಲ್ಲಿದ್ದರೆ ಮಾತ್ರ ಆ ಅಗ್ಗದ್ದು ಲಾಭ. ಲೆನ್ಸನ್ನು ತಿರುವಿ ಹಾಕುವ ರಿವರ್ಸ್ ರಿಂಗ್ ಇನ್ನೂ ಅಗ್ಗ. ಆದರೆ ಅದರಲ್ಲಿ ವಾಚಿಗೆ ಎಷ್ಟು ಹತ್ತಿರ ಹೋಗಬೇಕಾಗುತ್ತದೆ ಎಂದರೆ ಲೆನ್ಸಿನ ನೆರಳೇ ಡೈಲಿನ ಮೇಲೆ ಬೀಳುತ್ತದೆ.

ದೊಡ್ಡ ಮ್ಯಾಕ್ರೊ ಲೆನ್ಸಿನ ನಿಜವಾದ ಉಪಕಾರ ಈ ದೂರದ್ದೇ. 90 ಅಥವಾ 100 ಎಂಎಂ ಲೆನ್ಸು ಕೊಂಚ ಹಿಂದೆ ನಿಂತು ಕೆಲಸ ಮಾಡುತ್ತದೆ, ಬೆಳಕು ಒಳಗೆ ಬರಲು ಜಾಗ ಬಿಡುತ್ತದೆ. ಬೇಕೇ ಬೇಕೆಂದರೆ ಟ್ಯಾಮ್ರಾನಿನ ಹಳೆಯ 90 ಎಂಎಂ ಸೆಕೆಂಡ್ ಹ್ಯಾಂಡ್ ಹುಡುಕಿ. ಮದುವೆ ಫೋಟೊಗ್ರಾಫರುಗಳು ಮಿರರ್‌ಲೆಸ್‌ಗೆ ಹೋದ ಮೇಲೆ ಗಂಗಾವತಿ, ಹೊಸಪೇಟೆಯಂಥ ಊರುಗಳಲ್ಲಿ ಹಳೆಯ ಡಿಎಸ್‌ಎಲ್‌ಆರ್, 50 ಎಂಎಂ ಲೆನ್ಸುಗಳನ್ನು ವಿಚಾರಿಸುವುದು ಒಳ್ಳೆಯದು. ಕಡಿಮೆ ಬೆಲೆಯ ಫೋನುಗಳ ಹಿಂದೆ ಮ್ಯಾಕ್ರೊ ಅಂತ ಅಂಟಿಸಿರುವ ಪುಟ್ಟ ಕ್ಯಾಮೆರಾವನ್ನು ಮಾತ್ರ ನಂಬಬೇಡಿ. ಅದೇ ಫೋನಿನ ಮುಖ್ಯ ಕ್ಯಾಮೆರಾದಲ್ಲಿ ತುಸು ದೂರದಿಂದ ತೆಗೆದು ಕತ್ತರಿಸಿಕೊಂಡರೆ ಚೆನ್ನ.

ಸಾಮಾನಿನ ಮಾತು ಇಷ್ಟೇ. ನನ್ನ ಮನಸ್ಸಿರುವುದು ಬೆಳಕಿನಲ್ಲಿ. ಕಣ್ಣಿದ್ದವರು ಕನಕಗಿರಿ ನೋಡಬೇಕು, ಕಾಲಿದ್ದವರು ಹಂಪಿ ನೋಡಬೇಕು ಎಂಬ ಮಾತು ಈ ಸೀಮೆಯಲ್ಲಿ ಎಲ್ಲರ ಬಾಯಲ್ಲಿದೆ. ಆ ಕನಕಗಿರಿ ಹುಲಿಹೈದರದವರಿಗೆ ಈಗ ತಾಲ್ಲೂಕು ಕೇಂದ್ರ. ಕನಕಾಚಲಪತಿ ಗುಡಿಯ ಕಂಬಗಳನ್ನು ನಡುಮಧ್ಯಾಹ್ನ ನೋಡಿದವರು ಇನ್ನೊಮ್ಮೆ ಸಂಜೆ ನೋಡಲಿ. ಓರೆ ಬಿಸಿಲು ಬಿದ್ದಾಗಲೇ ಉಳಿಯ ಗೆರೆ ಎದ್ದು ಬರುತ್ತದೆ. ವಾಚಿನ ಡೈಲಿಗೂ ಅದೇ ನ್ಯಾಯ: ಪಕ್ಕದಿಂದ ಬೆಳಕು ಬಂದರೆ ಉಬ್ಬಿದ ಅಂಕಿ ನೆರಳು ಚೆಲ್ಲಿ ನಿಲ್ಲುತ್ತದೆ, ಕ್ಯಾಮೆರಾದ ಫ್ಲ್ಯಾಶ್ ಎದುರಿನಿಂದ ಹೊಡೆದರೆ ಎಲ್ಲ ಚಪ್ಪಟೆ, ಮೇಲೆ ಗಾಜಿನ ತುಂಬ ಬಿಳಿ ಕಲೆ.

ಆದರೆ ವಾಚು ಕಲ್ಲಲ್ಲ. ಹೊಳೆಯುವ ಸ್ಟೀಲು ಸುತ್ತ ಇದ್ದದ್ದನ್ನೆಲ್ಲ ಹಿಡಿದು ತೋರಿಸುತ್ತದೆ, ನಿಮ್ಮ ಅಂಗಿಯ ಬಣ್ಣವನ್ನೂ ಬಿಡುವುದಿಲ್ಲ. ಆದ್ದರಿಂದ ಬೆಳಕು ಓರೆಯೂ ಆಗಿರಬೇಕು, ಮೆತ್ತಗೂ ಆಗಿರಬೇಕು. ನಮ್ಮ ಮಾಳಿಗೆ ಮನೆಗಳ ಚಾವಣಿಯಲ್ಲಿರುವ ಬೆಳಕಿಂಡಿ ಇದಕ್ಕೆ ಹೇಳಿ ಮಾಡಿಸಿದ್ದು. ಬೆಳಕಿಂಡಿಯ ಕೆಳಗೆ ಬಿಳಿ ಧೋತರವೊಂದನ್ನು ಬಿಗಿದು ಕಟ್ಟಿ, ಅದರಡಿ ಒಂದು ಪಕ್ಕಕ್ಕೆ ಸರಿಸಿ ವಾಚಿಡಿ, ಎದುರು ಬದಿಗೆ ಥರ್ಮಾಕೋಲ್ ತುಂಡು ನಿಲ್ಲಿಸಿ. ಸ್ಟುಡಿಯೊದವರು ದುಡ್ಡು ಕೊಟ್ಟು ಕೊಳ್ಳುವ ಸಾಫ್ಟ್‌ಬಾಕ್ಸ್ ಇದೇ. ಬೆಳಕಿಂಡಿ ಇಲ್ಲದ ಆರ್‌ಸಿಸಿ ಮನೆಯಾದರೆ ಎಲ್‌ಇಡಿ ಟೇಬಲ್ ದೀಪ, ಅದರ ಮುಂದೆ ಬಟರ್ ಪೇಪರ್. ಕಿಟಕಿಯ ಬೆಳಕನ್ನೂ ದೀಪದ ಬೆಳಕನ್ನೂ ಬೆರೆಸಬೇಡಿ, ಬಣ್ಣ ಕೆಡುತ್ತದೆ. ಕ್ಯಾಮೆರಾದ ಪ್ರತಿಬಿಂಬ ಗಾಜಿನಲ್ಲಿ ಕಂಡರೆ ಲೆನ್ಸಿನ ಸುತ್ತ ಕಪ್ಪು ಬಟ್ಟೆ ಹೊದಿಸಿ.

ಉಳಿದ ದುಡ್ಡು ಗಟ್ಟಿ ಟ್ರೈಪಾಡಿಗೆ ಹೋಗಲಿ. ಇಷ್ಟು ಹತ್ತಿರದಲ್ಲಿ ಉಸಿರಾಡಿದರೂ ಚಿತ್ರ ಅಲುಗುತ್ತದೆ. ಬಿಂಬ ವಸ್ತುವಿನಷ್ಟೇ ಗಾತ್ರದ್ದಾದಾಗ ಎಫ್ 8 ಅಪರ್ಚರಿನಲ್ಲೂ ಸ್ಪಷ್ಟವಾಗಿ ಕಾಣುವ ಆಳ ಅರ್ಧ ಮಿಲಿಮೀಟರಿನ ಆಸುಪಾಸು. ಮುಳ್ಳು ಸ್ಪಷ್ಟವಾದರೆ ಡೈಲು ಮಬ್ಬು. ಎಫ್ 22ಕ್ಕೆ ಇಳಿಸಿದರೆ ಸರಿಹೋಗದು, ಇಡೀ ಚಿತ್ರವೇ ಮೆತ್ತಗಾಗುತ್ತದೆ. ಫೋಕಸ್ ಕೂದಲೆಳೆಯಷ್ಟು ಸರಿಸುತ್ತ ಹಲವು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಬೆಸೆಯುವುದೇ ದಾರಿ. ಅಷ್ಟು ಹೊತ್ತು ಸೆಕೆಂಡ್ ಮುಳ್ಳು ಕದಲಬಾರದಲ್ಲ? ಚಾವಿ ವಾಚಿನ ಸುಖ ಇಲ್ಲಿದೆ: ಮೊದಲೇ ಚಾವಿ ಕೊಡುವುದನ್ನು ಬಿಟ್ಟರೆ ತಾನೇ ನಿಲ್ಲುತ್ತದೆ. ಆಮೇಲೆ ಮುಳ್ಳುಗಳನ್ನು ಹತ್ತು ಗಂಟೆ ಹತ್ತು ನಿಮಿಷಕ್ಕೆ ತಿರುಗಿಸಿ. ಕಂಪನಿಯ ಹೆಸರು ಮರೆಯಾಗುವುದಿಲ್ಲ. ಊರಿನ ಧೂಳಿಗೆ ರಬ್ಬರ್ ಬ್ಲೋವರ್ ಬೇಕು. ಬರಿಗಣ್ಣಿಗೆ ಕಾಣದ ಕಣವೂ ಚಿತ್ರದಲ್ಲಿ ಜೋಳದ ಕಾಳಿನಷ್ಟು ಕಾಣುತ್ತದೆ. ಹಿಂದಿನ ಮುಚ್ಚಳ ಮಾತ್ರ ಮನೆಯಲ್ಲಿ ತೆರೆಯಬೇಡಿ. ರಿಪೇರಿಯವರ ಮೇಜಿಗೇ ಕ್ಯಾಮೆರಾ ಒಯ್ಯಿರಿ.

ಇಷ್ಟೆಲ್ಲ ಏಕೆ ಎಂದರೆ, ಹಳೆಯ ಡೈಲನ್ನು ಒರೆಸಿ ಹೊಸ ಬಣ್ಣ ಬಳಿದು, ಎಚ್‌ಎಂಟಿ ಎಂದು ಮತ್ತೆ ಅಚ್ಚು ಹಾಕಿದ ವಾಚುಗಳು ಈಗ ಪೇಟೆಯಲ್ಲಿ ರಾಶಿ ಬಿದ್ದಿವೆ. ಎಷ್ಟೋ ಬಣ್ಣಗಳು ಕಾರ್ಖಾನೆಯವೇ ಅಲ್ಲ! ಹತ್ತಿರದ ಚಿತ್ರವೊಂದಿದ್ದರೆ ಅಕ್ಷರದ ಕದಡಿದ ಅಂಚು, ಸಾಲು ತಪ್ಪಿದ ನಿಮಿಷದ ಗೆರೆ ತಾವೇ ಹೇಳಿಬಿಡುತ್ತವೆ. ಅಸಲಿ ಡೈಲು ಹೇಗಿತ್ತು ಎಂಬುದಕ್ಕೆ ಸಾಕ್ಷಿ ನಮ್ಮ ಹಳ್ಳಿಯ ಟ್ರಂಕುಗಳಲ್ಲಿದೆ. ನಿಮ್ಮ ಮನೆಯ ವಾಚು ಮಾಸಿದೆಯೆಂದು ಯಾರಾದರೂ ಹೊಸ ಬಣ್ಣ ಹಾಕಿಕೊಡುತ್ತೇನೆ ಅಂದರೆ ಒಪ್ಪಬೇಡಿ. ಚಾವಿ ಕೊಡದೆ ತಾನೇ ನಿಲ್ಲಲು ಬಿಡಿ, ಧೋತರ ಕಟ್ಟಿ, ಫೋಟೊ ತೆಗೆದಿಡಿ.