ಗಾಲಿಗೂ ಒಂದು ಬೀಗ

ಮನೆಗೆ ಬೀಗ, ಪೆಟ್ಟಿಗೆಗೆ ಬೀಗ, ಸೈಕಲ್ಲಿಗೆ ಬೀಗ, ಇವನ್ನೆಲ್ಲ ನಾವು ಬಲ್ಲೆವು. ನಮ್ಮ ಅಜ್ಜನ ಕಾಲದಲ್ಲಿ ಹಗೇವಿನ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಅದೇ ಬೀಗವಾಗುತ್ತಿತ್ತಂತೆ. ಆದರೆ ಕಾರಿನ ಗಾಲಿಗೂ ಬೇರೆಯೇ ಒಂದು ಬೀಗವುಂಟೆಂಬುದು, ಮುಂಬಯಿಗೆ ಬಂದು ಹತ್ತು ವರ್ಷ ಕಳೆದ ಮೇಲೆ ನಮಗೆ ತಿಳಿಯಿತು. ತಿಳಿಸಿಕೊಟ್ಟವರು ಕಳ್ಳರು.

ಕಳೆದ ಮಳೆಗಾಲದ ಒಂದು ಬೆಳಗ್ಗೆ ನಮ್ಮ ಚಾಳಿನ ಮುಂದೆ ಜನ ನೆರೆದಿದ್ದರು. ನಮ್ಮ ನೆರೆಮನೆಯವರು ಟೂರಿಸ್ಟ್ ಗಾಡಿ ಓಡಿಸುವವರು. ಸಾಲ ಮಾಡಿ ಕೊಂಡ ಹಳೆಯ ಕಾರು ಅವರದು. ಹಿಂದಿನ ಒಡೆಯ ಶೋಕಿಗೆಂದು ಹಾಕಿಸಿದ್ದ ಅಲಾಯ್ ಗಾಲಿಗಳು ಅದಕ್ಕಿದ್ದವು. ಅವುಗಳ ಮೇಲೆ ಇವರು ತಿಂಗಳ ಹಿಂದೆಯಷ್ಟೇ ಹೊಸ ಟೈರುಗಳನ್ನು ತೊಡಿಸಿದ್ದರು. ಈಗ ಎಡಗಡೆಯ ಎರಡು ಗಾಲಿಗಳೂ ಮಾಯವಾಗಿ, ಕಾರು ಇಟ್ಟಿಗೆಯ ಗುಡ್ಡೆಗಳ ಮೇಲೆ ಕುಂಟನಂತೆ ನಿಂತಿತ್ತು. ವಿಮಾನ ನಿಲ್ದಾಣದ ಬಾಡಿಗೆ ಹೋಯಿತು, ಮರುದಿನದ್ದೂ ಹೋಯಿತು, ತಿಂಗಳ ಕಂತು ಮಾತ್ರ ಎಲ್ಲಿಗೂ ಹೋಗದೆ ಅಲ್ಲಿಯೇ ಇತ್ತು.

ಗಾಲಿ ಹೋದ ದುಃಖಕ್ಕಿಂತ ನಮ್ಮನ್ನು ಹೆಚ್ಚು ಕಲಕಿದ್ದು ಅನಂತರ ಕೇಳಿಬಂದ ಮಾತು. ಚಾಳಿನ ಹಿರಿಯರೊಬ್ಬರು ನಮ್ಮನ್ನು ಬದಿಗೆ ಕರೆದು, “ಮಾಸ್ತರರೇ, ಪಾನಾ ಹಿಡಿಯಬಲ್ಲವರು ಇಲ್ಲಿ ಎಷ್ಟು ಮಂದಿ ಇದ್ದಾರೆ, ನೀವೇ ಹೇಳಿ” ಎಂದರು. ಅವರ ಕಣ್ಣು ಮೂಲೆಯ ಖೋಲಿಯ ಕಡೆಗಿತ್ತು. ಅಲ್ಲಿರುವ ಹುಡುಗ ಕಳೆದ ವರ್ಷ ನಮ್ಮ ಶಾಲೆಯಿಂದಲೇ ಹತ್ತನೆಯ ತರಗತಿ ಮುಗಿಸಿದವನು; ವಿಜಯಪುರದ ಕಡೆಯಿಂದ ಕೂಲಿಗೆ ಬಂದ ತಾಯಿತಂದೆಯರ ಮಗ. ಹೆದ್ದಾರಿಯ ಬದಿಯ ಟೈರಿನ ಅಂಗಡಿಯಲ್ಲಿ ಅವನಿಗೆ ಕೆಲಸ. ಆ ಹಿರಿಯರು ಬ್ಯಾಂಕಿನಿಂದ ನಿವೃತ್ತರಾದವರು. ಪಾನಾ ಬಲ್ಲವನೇ ಗಾಲಿಗಳ್ಳನಾದರೆ, ಲೆಕ್ಕ ಬಲ್ಲವರ ಗತಿಯೇನೆಂದು ನಾವು ಕೇಳಿದೆವು. ಮಾತು ಸ್ವಲ್ಪ ಖಾರವಾಯಿತು; ಆಗಲಿ.

ಹುಡುಗನಿಗೆ ಸುದ್ದಿ ಮುಟ್ಟಿತ್ತು. ಆದರೂ ಅವನು ಬಂದು, ಕಾರಿನ ಬಳಿ ಕುಕ್ಕುರುಗಾಲಲ್ಲಿ ಕುಳಿತು ನೋಡಿದ. “ಸರ್, ಇದಕ್ಕೇನು ದೊಡ್ಡ ವಿದ್ಯಾ ಬೇಕಾಗಿಲ್ರಿ. ಗಾಡಿ ಜೋಡಿ ಬರೋ ಪಾನಾನ ಸಾಕ್ರಿ. ಎಲ್ಲಾ ನಟ್ಟೂ ಒಂದ ನಮೂನಿ ಅದಾವು” ಎಂದ. ಆಮೇಲೆ ಅವನೇ ಗಾಲಿಯ ಬೀಗದ ವಿಷಯ ಹೇಳಿದ.

ವಿದ್ಯಾರ್ಥಿಗಳೇ, ಸಣ್ಣ ಕಾರಿನ ಗಾಲಿಯನ್ನು ಸಾಮಾನ್ಯವಾಗಿ 4 ಅಥವಾ 5 ನಟ್ಟುಗಳು ಹಿಡಿದಿರುತ್ತವೆ. ಅವು ಆರು ಮೂಲೆಯವು. ಅಳತೆಗೆ ಹೊಂದುವ ಯಾವ ಪಾನಾ ಹಾಕಿದರೂ ತಿರುಗುತ್ತವೆ. ಬೀಗದ ನಟ್ಟು ಹಾಗಲ್ಲ. ಅದರ ಹೊರಮೈ ದುಂಡಗೆ, ಹಿಡಿತಕ್ಕೆ ಮೂಲೆಯಿಲ್ಲ. ಮುಖದ ಮೇಲೆ ಮಾತ್ರ ವಕ್ರವಾದ ಒಂದು ಗಾಡಿ ಕೊರೆದಿರುತ್ತದೆ. ಆ ಗಾಡಿಗೆ ತಕ್ಕ ಏಣುಳ್ಳ ಬೀಗದಕೈಯನ್ನು ಕೂರಿಸಿ, ಅದರ ಇನ್ನೊಂದು ತುದಿಗೆ ಪಾನಾ ಹಾಕಿ ತಿರುಗಿಸಬೇಕು. ಗಾಲಿಗೊಂದರಂತೆ ನಾಲ್ಕು ನಟ್ಟು, ನಾಲ್ಕಕ್ಕೂ ಒಂದೇ ಬೀಗದಕೈ. ಉಳಿದವನ್ನೆಲ್ಲ ಕಳ್ಳ ಬಿಚ್ಚಿಕೊಳ್ಳಲಿ, ಈ ಒಂದು ಒಲಿಯದೆ ಗಾಲಿ ಕಳಚದು. ಆದರೆ ನಟ್ಟಿನ ಮರೆಯೂ, ಅದು ಗಾಲಿಗೆ ಒತ್ತಿ ಕೂಡುವ ಬುಡದ ಆಕಾರವೂ ಆ ಕಾರಿಗೆ ಸರಿಹೊಂದಬೇಕು. ಇಲ್ಲವಾದರೆ ಕಳ್ಳನಿಂದ ಉಳಿದ ಗಾಲಿ ರಸ್ತೆಯಲ್ಲಿ ತಾನಾಗಿಯೇ ಕಳಚೀತು!

ಇದನ್ನು ಯಾರೂ ತೆಗೆಯಲಾರರೇ? ತೆಗೆಯಬಲ್ಲರು. ಬಿಗಿಯಾದ ಸಾಕೆಟ್ಟನ್ನು ಸುತ್ತಿಗೆಯಿಂದ ಹೊಡೆದು ಕೂರಿಸಿ ತಿರುಗಿಸುವುದುಂಟು. ಲಂಡನ್ನಿನ ಜೋಸೆಫ್ ಬ್ರಾಮಾ ಎಂಬಾತನ ಬೀಗ 1790ರಿಂದ ಅಂಗಡಿಯ ಗಾಜಿನ ಹಿಂದೆ ಕುಳಿತು, ತನ್ನನ್ನು ತೆರೆದವರಿಗೆ 200 ಗಿನಿ ಬಹುಮಾನವೆಂದು ಸವಾಲು ಹಾಕುತ್ತಿತ್ತು. 1851ರಲ್ಲಿ ಅಮೆರಿಕದ ಹಾಬ್ಸ್ ಅದನ್ನು ತೆರೆದೇಬಿಟ್ಟ. ತೆರೆಯಲು ಅವನಿಗೆ 16 ದಿನಗಳಲ್ಲಿ ಒಟ್ಟು 51 ಗಂಟೆ ಹಿಡಿಯಿತು. ನಮ್ಮ ಚಾಳಿನ ಕಳ್ಳನಿಗೆ ಹದಿನಾರು ದಿನವೆಲ್ಲಿ ಬಂತು? ಕಾವಲುಗಾರನ ಎರಡು ಸುತ್ತಿನ ನಡುವಣ ವೇಳೆಯಷ್ಟೇ ಅವನ ಆಸ್ತಿ. (ನಮ್ಮ ಕಾವಲುಗಾರ ಸುತ್ತು ಹಾಕುವುದು ಕನಸಿನಲ್ಲಿ, ಆ ಮಾತು ಬೇರೆ.) ತಡವಾಗುವಂತೆ, ಸದ್ದಾಗುವಂತೆ ಮಾಡಿದರೆ ಬೀಗದ ಕೆಲಸ ಮುಗಿಯಿತು.

ನೆರೆಮನೆಯವರು ಮತ್ತೆ ಸಾಲ ಮಾಡಿ ಎರಡು ಗಾಲಿಗಳನ್ನೂ ಒಂದು ಜೊತೆ ಬೀಗದ ನಟ್ಟುಗಳನ್ನೂ ತಂದರು. ಪೊಲೀಸರಿಗೆ ದೂರು ಕೊಟ್ಟಾಗಿತ್ತು. ಹೋದ ಗಾಲಿಗಳು ಸಿಕ್ಕಲಿಲ್ಲ. ನಟ್ಟು ಹಾಕುವ ಕೆಲಸವನ್ನು ಅವರು ಅಂಗಡಿಗೊಯ್ಯದೆ, ಚಾಳಿನ ಅಂಗಳದಲ್ಲಿಯೇ, ಎಲ್ಲರೂ ನೋಡುತ್ತಿರುವಂತೆ ಆ ಹುಡುಗನಿಗೇ ಒಪ್ಪಿಸಿದರು. ಅವನು ಕೈಯಿಂದಲೇ ಎದುರುಬದುರಿನ ನಟ್ಟುಗಳನ್ನು ಒಂದಾದ ಮೇಲೊಂದು ಬಿಗಿದ. ಗಾಳಿಯ ಗನ್ನು ಹಚ್ಚಿದರೆ ಬೀಗದಕೈಯ ಏಣು ಮುರಿಯುತ್ತದೆಯೆಂದೂ, 50ರಿಂದ 100 ಕಿಲೋಮೀಟರು ಓಡಿಸಿದ ಬಳಿಕ ಇನ್ನೊಮ್ಮೆ ಬಿಗಿ ನೋಡಬೇಕೆಂದೂ ಹೇಳಿದ.

ಬೀಗದಕೈಯನ್ನು ಸ್ಟೆಪ್ನಿಯ ಜೊತೆಗೇ ಮರೆಯಾಗಿ ಇಡಬೇಕಂತೆ. ಅದಿಲ್ಲದೆ ನಡುದಾರಿಯಲ್ಲಿ ಪಂಕ್ಚರಾದರೆ ಸ್ಟೆಪ್ನಿ ಇದ್ದೂ ಇಲ್ಲದಂತೆ. ಈ ‘ಸ್ಟೆಪ್ನಿ’ ಎಂಬ ಮಾತಿನ ಮೂಲ ವೇಲ್ಸ್ ನಾಡಿನ ಲನೆಲಿ ಊರಿನ ಸ್ಟೆಪ್ನಿ ಬೀದಿ. 1904ರಲ್ಲಿ ಡೇವಿಸ್ ಸೋದರರು ಅಲ್ಲಿ ಹೆಚ್ಚುವರಿ ಗಾಲಿಯನ್ನು ತಯಾರಿಸಿದರು. ಅವನಿಗೆ ಇದನ್ನು ತಿಳಿಸಿದಾಗ ಅವನು ನಕ್ಕ. ಅಂದಿನವರೆಗೆ ಅದು ಮರಾಠಿ ಮಾತೆಂದೇ ತಿಳಿದಿದ್ದನಂತೆ!

ನಟ್ಟುಗಳ ಜೊತೆಯಲ್ಲಿ ಒಂದು ಚೀಟಿ ಬಂದಿತ್ತು. ಬೀಗದಕೈ ಕಳೆದುಹೋದರೆ ಇನ್ನೊಂದನ್ನು ತರಿಸಲು ಅದರಲ್ಲಿಯ ಸಂಖ್ಯೆ ಬೇಕು. ನೆರೆಮನೆಯವರು ಅದನ್ನು ಮಡಚಿ ಹುಡುಗನ ಕೈಗಿತ್ತು, “ಇದು ನಿನ್ನ ಹತ್ತಿರವೇ ಇರಲಿ ಮಾರಾಯ, ನನ್ನ ಖೋಲಿ ಸೋರುತ್ತದೆ” ಎಂದರು. ಸೋರುವುದು ಹುಡುಗನ ಖೋಲಿಯೂ ಹೌದು. ಅವನು ಅದನ್ನು ತನ್ನ ಹತ್ತನೆಯ ತರಗತಿಯ ಅಂಕಪಟ್ಟಿಯ ಜೊತೆಯಲ್ಲಿ ಪ್ಲಾಸ್ಟಿಕ್ ಹಾಳೆಯೊಳಗೆ ಇಟ್ಟಿದ್ದಾನೆ.

ಬ್ಯಾಂಕಿನ ಹಿರಿಯರೂ ತಮ್ಮ ಕಾರಿಗೆ ಅಂಥ ನಟ್ಟುಗಳನ್ನು ಹಾಕಿಸಿಕೊಂಡು ಬಂದರು, ಬೇರೊಂದು ಅಂಗಡಿಯಿಂದ. ಹುಡುಗ ಅದನ್ನು ನೋಡಿ ನಮ್ಮನ್ನು ಕೇಳಿದ್ದು ಇಷ್ಟೇ: “ಸರ್, ಅವ್ರು ಕೈಲೆ ಬಿಗಿಸ್ಯಾರೋ, ಗನ್ನಿನಿಂದ ಬಿಗಿಸ್ಯಾರೋ?” ನೀನೇ ಹೋಗಿ ಕೇಳು ಎಂದೆವು. ಅವನು ಹೋಗಿ ಅವರ ಕದ ತಟ್ಟಿದ.